ಏಳನೆಯ ಮನೆಯ ಹಿಡಿ ಅಕ್ಕಿ

ಸೇವಂತಿ ಮಾತು ತಪ್ಪುವ ಹೆಂಗಸಲ್ಲ. ಆದರೆ ಆಡಿದ ಮಾತಿನ ಉದ್ದ ಎಷ್ಟು, ಅಗಲ ಎಷ್ಟು ಎಂದು ಅಳೆದು ನೋಡದೆ ಬಿಡುವವಳೂ ಅಲ್ಲ. ಸುಳ್ಯದ ಕಡೆಯ ತವರಿನಲ್ಲಿ ಮೂರನೇ ತರಗತಿಯಲ್ಲಿದ್ದಾಗ ಅವಳು ಸ್ಲೇಟು ಒಡೆದುಕೊಂಡು ಶಾಲೆಗೆ ಬಂದಳು. ಮೇಷ್ಟ್ರು ಸಿಟ್ಟಿನಲ್ಲಿ, "ಹೊಸ ಸ್ಲೇಟು ತರದೆ ಈ ತರಗತಿಯೊಳಗೆ ಕಾಲಿಡಬೇಡ" ಎಂದರು. ಸೇವಂತಿ ಕಾಲಿಡಲಿಲ್ಲ. ಹದಿನೈದು ದಿನ ಹೊರಗಿನಿಂದ ಕಿಟಕಿ ಹತ್ತಿ ಕೂತು, ಎರಡೂ ಕಾಲು ಹೊರಗೆ ಇಳಿಬಿಟ್ಟುಕೊಂಡು, ಒಳಗಿದ್ದವರಿಗಿಂತ ಮೊದಲು ಮಗ್ಗಿ ಒಪ್ಪಿಸಿದಳು. "ಇದೆಂತ ಅಧಿಕಪ್ರಸಂಗ?" ಎಂದು ಮೇಷ್ಟ್ರು ಬೆತ್ತ ಎತ್ತಿದರೆ, "ಕಾಲು ಹೊರಗೇ ಉಂಟಲ್ಲ ಮೇಷ್ಟ್ರೇ" ಎಂದಳಂತೆ. ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ, ಸ್ಲೇಟನ್ನು ಅವರೇ ತಂದುಕೊಟ್ಟರು.

ಇಂಥ ಹುಡುಗಿಯನ್ನು ಮದುವೆಯಾದವನು ಇಚಿಲಂಪಾಡಿಯ ಧರ್ಮಪಾಲ. ಅವನದು ತದ್ವಿರುದ್ಧ ಸ್ವಭಾವ. ಆಡಿದರೆ ಆಡಿದ್ದೇ, ಆಮೇಲೆ ಅದರೊಳಗೆ ಸೂಜಿ ತೂರುವಷ್ಟೂ ಜಾಗ ಬಿಡುವವನಲ್ಲ. ತಂದೆತಾಯಿ ಸಣ್ಣ ಪ್ರಾಯದಲ್ಲೇ ತೀರಿಹೋಗಿ ಅವನನ್ನು ಸಾಕಿದ್ದು ಅಣ್ಣ ಮಾಯಿಲಪ್ಪ ಮತ್ತು ಅತ್ತಿಗೆ ದುಗ್ಗಮ್ಮ. ಅವರಿಗೆ ಮಕ್ಕಳಿರಲಿಲ್ಲ. ಧರ್ಮಪಾಲನೇ ಅವರಿಗೆ ಮಗ ಇದ್ದ ಹಾಗೆ.

ಮದುವೆಯಾದ ಮರುವರ್ಷ ಧರ್ಮಪಾಲ ತೋಡಿನ ಆಚೆ ದಡದಲ್ಲಿ ತನ್ನ ಪಾಲಿನ ಜಾಗದಲ್ಲಿ ಬೇರೆ ಮನೆ ಕಟ್ಟಲು ಹೊರಟ. ಅಣ್ಣನಿಗೆ ಇಷ್ಟವಿರಲಿಲ್ಲ, ಆದರೂ ತಡೆಯಲಿಲ್ಲ. ಎದೆಮಟ್ಟ ಎದ್ದ ಮಣ್ಣಿನ ಗೋಡೆ ಮೊದಲ ಮಳೆಗೇ ಮಗುಚಿಬಿತ್ತು. ಅಣ್ಣನಲ್ಲಿ ಎರಡು ಆಳು ಕೇಳೋಣವೆಂದು ಧರ್ಮಪಾಲ ಮೈಯೆಲ್ಲ ಕೆಸರು ಮಾಡಿಕೊಂಡು ಹೋದರೆ, ಅಂಗಳದಲ್ಲಿ ನಾಲ್ಕು ಜನ ಕೂತಿದ್ದರು. ಅವರೆದುರು ಮಾಯಿಲಪ್ಪ ನಕ್ಕುಬಿಟ್ಟ. "ನಾನು ಹೇಳಲಿಲ್ವಾ? ಇವ ಗೋಡೆ ಕಟ್ಟುದೂ ಒಂದೇ, ಮಕ್ಕಳು ಮಣ್ಣಾಟ ಆಡುದೂ ಒಂದೇ!"

ಅದರಲ್ಲಿ ಕೆಟ್ಟ ಮನಸ್ಸೇನೂ ಇರಲಿಲ್ಲ. ಆದರೆ ಹಸಿದು ಬಂದವನ ಮುಂದೆ ನಾಲ್ಕು ಜನ ಕೂಡಿ ನಕ್ಕರೆ ಹೇಗಾಗಬೇಡ? ಧರ್ಮಪಾಲ ಸರ್ರನೆ ಹಿಂದೆ ತಿರುಗಿ ಅಂಗಳದ ತಡಮೆ ದಾಟಿ ಹೊರಗೆ ನಿಂತ. ತಡಮೆ ಎಂದರೆ ದನ ಒಳಗೆ ನುಗ್ಗದ ಹಾಗೆ ಬೇಲಿಯ ನಡುವೆ ಎರಡು ಕವೆಗೂಟ ನೆಟ್ಟು ಅಡ್ಡ ಮರ ಕಟ್ಟಿದ ದಾಟುದಾರಿ. ಆ ಅಡ್ಡ ಮರದ ಮೇಲೆ ಕೈಯಿಟ್ಟು ಅವನು, "ಇನ್ನು ನಾನಾಗಲಿ ನನ್ನ ಮಕ್ಕಳಾಗಲಿ ಈ ತಡಮೆ ದಾಟಿದರೆ ದೈವ ನೋಡಿಕೊಳ್ಳಲಿ" ಎಂದ. ನಕ್ಕವರ ನಗು ಅಲ್ಲಿಗೇ ನಿಂತಿತು. ದೈವದ ಹೆಸರಿನಲ್ಲಿ ಹಾಕಿದ ಆಣೆಯನ್ನು ನಮ್ಮ ಕಡೆ ಯಾರೂ ಹಗುರವಾಗಿ ಎತ್ತಿಡುವುದಿಲ್ಲ.

ಸೇವಂತಿಗೆ ಆಗ ಐದು ತಿಂಗಳು. ಗಂಡನ ಹಿಂದೆಯೇ ಬಂದಿದ್ದ ಅವಳು ಬೇಲಿಯ ಹೊರಗೆ ನಿಂತು ಪ್ರತಿ ಅಕ್ಷರ ಕೇಳಿಸಿಕೊಂಡಿದ್ದಳು. ತಾನು, ತನ್ನ ಮಕ್ಕಳು, ಈ ತಡಮೆ. ಹೆಂಡತಿಯ ಹೆಸರು ಆಣೆಯಲ್ಲಿ ಬರಲಿಲ್ಲವೆಂಬುದನ್ನೂ ಗಮನಿಸಿದ್ದಳು. ಆದರೂ ಗಂಡನಿಗೆ ನೋವಾಗುತ್ತದೆಂದು ಅವಳು ಆ ಮನೆಗೆ ಹೋಗಲಿಲ್ಲ. ತೋಡಿನಲ್ಲಿ ಬಟ್ಟೆ ಒಗೆಯುವಾಗ ಆಚೆ ಕಲ್ಲಿನ ಮೇಲೆ ದುಗ್ಗಮ್ಮ, ಈಚೆ ಕಲ್ಲಿನ ಮೇಲೆ ಸೇವಂತಿ. ಮಾತು, ಉಪ್ಪಿನಕಾಯಿ, ತಂಬುಳಿಯ ಸೊಪ್ಪು ಎಲ್ಲ ನೀರಿನ ಮೇಲೆಯೇ ದಾಟುತ್ತಿದ್ದವು. ಮಗ ಚೆನ್ನಕೇಶವ ಹುಟ್ಟಿ ಆರು ವರ್ಷವಾಯಿತು, ಮಗಳು ಪ್ರೇಮಾವತಿಗೆ ನಾಲ್ಕಾಯಿತು. ಇಷ್ಟು ವರ್ಷ ದೊಡ್ಡಪ್ಪ ಎಂದರೆ ಅವರಿಗೆ ಆಚೆ ಗದ್ದೆಯಲ್ಲಿ ಕಾಣುವ ಒಂದು ಮುಟ್ಟಾಳೆ, ತಲೆಯ ಮೇಲಿನ ಹಾಳೆಯ ಟೊಪ್ಪಿ ಮಾತ್ರ.

೧೯೫೭ರ ಆಟಿ ತಿಂಗಳ ಜಡಿಮಳೆಯಲ್ಲಿ ಚೆನ್ನಕೇಶವನಿಗೆ ಜ್ವರ ಹಿಡಿಯಿತು. ಇಪ್ಪತ್ತೊಂದು ದಿನ ಬಿಡಲಿಲ್ಲ. ತೋಡು ಉಕ್ಕಿ ದಾಟುವ ಸಂಕವನ್ನೇ ಎಳೆದುಕೊಂಡು ಹೋಗಿತ್ತು, ಪುತ್ತೂರಿನ ಆಸ್ಪತ್ರೆಗೆ ಹೊತ್ತುಕೊಂಡು ಹೋಗುವ ದಾರಿ ಮುಚ್ಚಿತ್ತು. ಪ್ರತಿದಿನ ಬೆಳಿಗ್ಗೆ ಆಚೆ ದಡಕ್ಕೆ ದುಗ್ಗಮ್ಮ ಬಂದು ನಿಲ್ಲುತ್ತಿದ್ದಳು. ನೀರಿನ ಅಬ್ಬರದಲ್ಲಿ ಕೂಗಿದ್ದು ಕೇಳುತ್ತಿರಲಿಲ್ಲ. ಅವಳು ತನ್ನ ಹಣೆಗೆ ಕೈಯಿಟ್ಟು ತೋರಿಸುವಳು. ಸೇವಂತಿ ಜ್ವರ ಬಿಟ್ಟಿಲ್ಲವೆಂದು ತಲೆಯಾಡಿಸುವಳು. ದುಗ್ಗಮ್ಮನ ಹಿಂದೆ ಬಾಳೆಗಳ ಮರೆಯಲ್ಲಿ ಮಳೆಗೆ ಎಲೆಯ ಗೊರಬೆ ಹೊದ್ದ ಇನ್ನೊಂದು ಆಕೃತಿ ನಿಂತಿರುತ್ತಿತ್ತು. ಅದು ಯಾರೆಂದು ಸೇವಂತಿಗೆ ಗೊತ್ತಿತ್ತು, ಆದರೆ ಗಂಡನಿಗೆ ಹೇಳಲಿಲ್ಲ. ಇಪ್ಪತ್ತೆರಡನೆಯ ಬೆಳಿಗ್ಗೆ ಸೇವಂತಿ ನಗುತ್ತ ಎರಡೂ ಕೈ ಮೇಲೆತ್ತಿದಾಗ ದುಗ್ಗಮ್ಮ ಅಲ್ಲೇ ಕೆಸರಿನಲ್ಲಿ ಕುಸಿದು ಕೂತು ಅತ್ತಳು. ಗೊರಬೆ ಮಾತ್ರ ಬೇಗಬೇಗ ಮನೆ ಕಡೆ ನಡೆಯಿತು.

ಜ್ವರ ಬಿಟ್ಟರೂ ಸೇವಂತಿಯ ಹೆದರಿಕೆ ಬಿಡಲಿಲ್ಲ. ಹುಡುಗನ ಕಾಲು ಅಡಿಕೆ ಸಲಾಕೆಯಷ್ಟು ಸಪೂರವಾಗಿತ್ತು, ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದ. ಮತ್ತೆ ಮರುಕಳಿಸಿದರೆ ಉಳಿಯುವುದಿಲ್ಲ ಎಂದು ಪಂಡಿತರು ಹೇಳಿಹೋಗಿದ್ದರು. ಜ್ವರದ ಹನ್ನೊಂದನೆಯ ದಿನ ಅವಳು ದೇವಿಗೆ ಹರಕೆ ಹೇಳಿಕೊಂಡಿದ್ದಳು. ಮಗ ಎದ್ದು ಕೂತರೆ ಬರುವ ಮಾರ್ನೆಮಿಗೆ ಅವನಿಗೆ ಹುಲಿವೇಷ ಹಾಕಿ ಏಳು ಮನೆಯ ಅಂಗಳದಲ್ಲಿ ಕುಣಿಸುವುದು, ಏಳು ಮನೆಯ ಹಿಡಿ ಅಕ್ಕಿ ಸೇರಿಸಿ ಒಂದೇ ಪಾತ್ರೆಯಲ್ಲಿ ಪಾಯಸ ಬೇಯಿಸಿ ದೇವಿಗಿಟ್ಟು ಅವನಿಗೆ ತಿನ್ನಿಸುವುದು. ಆ ಪಾಯಸ ಒಮ್ಮೆ ಅವನ ಗಂಟಲಲ್ಲಿ ಇಳಿದರೆ ಮಗ ತನಗೆ ಪೂರ್ತಿ ದಕ್ಕಿದ ಹಾಗೆ ಎಂದು ಅವಳ ನಂಬಿಕೆ. ಇಳಿಯದಿದ್ದರೆ ಎಂದು ಯೋಚಿಸಲೂ ಅವಳಿಗೆ ಧೈರ್ಯವಿರಲಿಲ್ಲ.

ನವರಾತ್ರಿಯನ್ನು ಮಾರ್ನೆಮಿ ಎನ್ನುವ ನಮ್ಮ ಊರುಗಳಲ್ಲಿ ಆ ಒಂಬತ್ತು ದಿನ ವೇಷಗಳದೇ ರಾಜ್ಯ. ಹುಲಿ, ಕರಡಿ, ಸನ್ಯಾಸಿ, ಪೊಲೀಸು ಎಲ್ಲ ಮನೆಮನೆಗೆ ಬರುತ್ತವೆ. ಬಂದ ವೇಷವನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಬಣ್ಣದ ಒಳಗೆ ಇರುವವನು ಯಾರೆಂದು ಗೊತ್ತಿದ್ದರೂ ಹೆಸರು ಹಿಡಿದು ಕರೆಯುವಂತಿಲ್ಲ. ವೇಷ ಕಳಚುವವರೆಗೆ ಅವನು ಹುಲಿಯೇ.

ಮಹಾನವಮಿಯ ಮಧ್ಯಾಹ್ನ ಸೇವಂತಿ ಅರಿಶಿನಕ್ಕೆ ಅಕ್ಕಿ ಹಿಟ್ಟು ಕಲಸಿ ಮಗನ ಮೈಗೆ ಬಳಿದಳು. ಮಸಿಗೆ ಎಣ್ಣೆ ಹಾಕಿ ಪಟ್ಟೆ ಎಳೆದದ್ದು ಧರ್ಮಪಾಲ. ಹುಲಿ ಕಚಗುಳಿ ತಾಳಲಾರದೆ ಕಿಲಕಿಲ ನಕ್ಕು ಎರಡು ಪಟ್ಟೆ ಸೊಟ್ಟ ಮಾಡಿಕೊಂಡಿತು. ಅಡಿಕೆ ಹಾಳೆಯ ಕಿವಿ, ಹಗ್ಗಕ್ಕೆ ಬಟ್ಟೆ ಸುತ್ತಿದ ಬಾಲ. ಎಲ್ಲ ಮುಗಿಯಿತು ಎನ್ನುವಾಗ ಪ್ರೇಮಾವತಿ ತನಗೂ ಬಾಲ ಬೇಕೆಂದು ನೆಲಕ್ಕೆ ಬಿದ್ದು ಹೊರಳಾಡಿದಳು. ಅವಳಿಗೆ ಒಣಗಿದ ಬಾಳೆಲೆ ಸುತ್ತಿ ಕರಡಿ ಮಾಡಿದರು. ಡೋಲು ಇರಲಿಲ್ಲ. ಧರ್ಮಪಾಲ ಸೀಮೆಎಣ್ಣೆಯ ಖಾಲಿ ಡಬ್ಬಕ್ಕೆ ಹಗ್ಗ ಕಟ್ಟಿ ಕೊರಳಿಗೆ ಹಾಕಿಕೊಂಡ. ಸೇವಂತಿ ಬುಟ್ಟಿಯಲ್ಲಿ ಏಳು ಬಾಳೆಲೆ ಇಟ್ಟುಕೊಂಡಳು, ಒಂದೊಂದು ಮನೆಯ ಅಕ್ಕಿಗೆ ಒಂದೊಂದು ಪೊಟ್ಟಣ.

ತೋಡಿನ ಈಚೆ ಅವರ ಮನೆ ಬಿಟ್ಟರೆ ಇದ್ದದ್ದು ಸರಿಯಾಗಿ ಏಳು ಮನೆ. ಗುಡ್ಡಕ್ಕೊಂದು, ತಗ್ಗಿಗೊಂದು. ಮೊದಲು ತೀರ್ಥರಾಮನ ಮನೆ. ಅಲ್ಲಿಯ ನಾಯಿ ಹುಲಿಯನ್ನು ಕಂಡು ಬೊಗಳುತ್ತ ಬಂದದ್ದು ಕರಡಿಯನ್ನು ಕಂಡು ಬಾಲ ಮುದುಡಿ ಹಿತ್ತಿಲಿಗೆ ಓಡಿತು. ಕರಡಿಗೆ ಅದರಿಂದ ಬಹಳ ಜಂಬ ಬಂತು. ಎರಡನೆಯದು ದೇರಣ್ಣನ ಮನೆ. ಅವನ ಮುದಿ ತಾಯಿ, "ಅಯ್ಯಯ್ಯೋ, ನನ್ನನ್ನು ತಿನ್ನಬೇಡ ಹುಲಿಯಪ್ಪಾ, ನನ್ನಲ್ಲಿ ಬರೀ ಎಲುಬು ಉಂಟು" ಎಂದು ಕಂಬದ ಹಿಂದೆ ಅಡಗಿದಳು. ಕಮ್ಮಾರನ ಮನೆಯಲ್ಲಿ ನೆಲಗಡಲೆ, ಅಂಗಡಿಯವರ ಮನೆಯಲ್ಲಿ ಬೆಲ್ಲದ ತುಂಡು. ಪ್ರತಿ ಅಂಗಳದಲ್ಲೂ ಹಿಡಿ ಅಕ್ಕಿ. ಮೊದಲ ಮನೆಯಲ್ಲಿ ನಾಲ್ಕು ಹೆಜ್ಜೆಗೇ ಏದುಸಿರು ಬಿಟ್ಟಿದ್ದ ಹುಡುಗ ಐದನೆಯ ಮನೆಯಲ್ಲಿ ಲಾಗ ಹಾಕಲು ಹೊರಟ. ಬೆಲ್ಲದ ತುಂಡನ್ನು ಯಾರೂ ಹೇಳದೆ ತಾನೇ ಕಡಿದು ತಿಂದ. ಸೇವಂತಿಗೆ ಕಣ್ಣು ತುಂಬಿ ಬಂತು, ಸೆರಗಿನಿಂದ ಮುಖ ಒರೆಸಿಕೊಳ್ಳುವ ನೆಪದಲ್ಲಿ ಒರೆಸಿಕೊಂಡಳು.

ದೀಪ ಹೊತ್ತಿಸುವ ಹೊತ್ತಿಗೆ ಏಳನೆಯ ಮನೆ ಮುಟ್ಟಿದರು. ಅದು ಮೆಣಸು ವ್ಯಾಪಾರದ ಪೋಕರ್‌ನ ಮನೆ. ಅವನ ಹೆಂಡತಿ ರುಖಿಯಮ್ಮ ಅಕ್ಕಿಯ ಜೊತೆಗೆ ಎರಡು ನೇಂದ್ರ ಬಾಳೆಹಣ್ಣು ತಂದಳು. "ಹುಲಿಗೊಂದು, ಕರಡಿಗೊಂದು. ಜಗಳ ಮಾಡುದು ಬೇಡ." ಸೇವಂತಿ ಏಳನೆಯ ಪೊಟ್ಟಣ ಕಟ್ಟಿ ಬುಟ್ಟಿಗೆ ಕೈಮುಗಿದಳು. ಅಷ್ಟರಲ್ಲಿ ಸವಣೂರಿನ ಪೇಟೆಗೆ ಹೋಗಿದ್ದ ಪೋಕರ್ ಬೆವರು ಒರೆಸುತ್ತ ಬಂದ.

"ದೇರಣ್ಣನಿಗೆ ಮೊಮ್ಮಗಳು ಹುಟ್ಟಿದ್ದಾಳೆ ಮಾರಾಯ್ರೆ! ಸೊಸೆಯ ತವರು ಸವಣೂರಲ್ವಾ? ಇವತ್ತು ಬೆಳಿಗ್ಗೆಯೇ ಹೆರಿಗೆ ಆಯ್ತಂತೆ. ಹೇಳಿ ಬನ್ನಿ ಅಂತ ನನ್ನ ಹತ್ರ ಹೇಳಿ ಕಳ್ಸಿದ್ದಾರೆ, ಈಗ ಅಲ್ಲಿಗೇ ಹೊರಟೆ."

ಸೇವಂತಿಯ ಕೈ ಬುಟ್ಟಿಯ ಮೇಲೆಯೇ ನಿಂತಿತು. ಮಗು ಹುಟ್ಟಿದ ಮನೆಗೆ ಅಮೆ, ಹತ್ತು ದಿನದ ಸೂತಕ. ಆ ಮನೆಯ ಅಕ್ಕಿ ದೇವರ ಕಾರ್ಯಕ್ಕೆ ಸಲ್ಲುವುದಿಲ್ಲ. ಅವಳು ಎರಡನೆಯ ಪೊಟ್ಟಣವನ್ನು ಹುಡುಕಿ ತೆಗೆದು ರುಖಿಯಮ್ಮನ ಕೋಳಿಗಳಿಗೆ ಬಿಚ್ಚಿದಳು. ಉಳಿದದ್ದು ಆರು.

"ಈಗ ಎಂತ ಮಾಡುದು?" ಎಂದ ಧರ್ಮಪಾಲ. "ಈಚೆ ಬೇರೆ ಮನೆ ಇಲ್ಲ."

"ಆಚೆ ಉಂಟು."

"ಆಚೆ ಇರುದು ಒಂದೇ ಮನೆ."

"ನನಗೆ ಬೇಕಾದದ್ದೂ ಒಂದೇ."

ಧರ್ಮಪಾಲ ಡಬ್ಬವನ್ನು ಕೊರಳಿನಿಂದ ತೆಗೆದು ನೆಲಕ್ಕಿಟ್ಟ. "ನೀನೆಂತ ಹೇಳುದು ಮಾರಾಯ್ತಿ? ಆಣೆ ಮರೆತುಹೋಯ್ತಾ? ಜ್ವರದಿಂದ ಉಳಿದ ಮಗನನ್ನು ದೈವದ ಬಾಯಿಗೆ ಕೊಡುದಾ?"

"ಒಂದು ಅಕ್ಷರವೂ ಮರೆತಿಲ್ಲ. ನೀವು, ನಿಮ್ಮ ಮಕ್ಕಳು ದಾಟ್ಲಿಕ್ಕಿಲ್ಲ ಅಂತ ಹೇಳಿದ್ದು. ಹುಲಿ ದಾಟ್ಲಿಕ್ಕಿಲ್ಲ ಅಂತ ಹೇಳಿದ್ರಾ?" ಅವಳು ಮಗನನ್ನು ಗಂಡನ ಮುಂದೆ ನಿಲ್ಲಿಸಿದಳು. "ಮಧ್ಯಾಹ್ನದಿಂದ ಇವನನ್ನು ಯಾರಾದ್ರೂ ಚೆನ್ನಕೇಶವ ಅಂತ ಕರ್ದಿದ್ದಾರಾ? ಹುಲಿಗೆ ಎಂತ ಆಣೆ? ಕರಡಿ ನನ್ನ ಸೊಂಟದಲ್ಲಿ ಉಂಟು, ಅದರ ಕಾಲು ನೆಲಕ್ಕೆ ತಾಗುದಿಲ್ಲ. ನನ್ನ ಹೆಸರು ನೀವು ಮೊದಲೇ ಹೇಳ್ಲಿಲ್ಲ. ನೀವು ತಡಮೆಯ ಹೊರಗೆ ನಿಂತು ಬಡೀರಿ, ಸಾಕು."

ಧರ್ಮಪಾಲ ಬಗ್ಗಿ ಡಬ್ಬವನ್ನು ಮತ್ತೆ ಕೊರಳಿಗೆ ಹಾಕಿಕೊಂಡ. ಪೋಕರ್ ಗಡ್ಡ ನೀವಿಕೊಳ್ಳುತ್ತ, "ಇವಳು ಪುತ್ತೂರಿನಲ್ಲಿ ವಕೀಲಿಕೆ ಮಾಡ್ಬೇಕಿತ್ತು" ಎಂದು ಒಂದು ಸೂಟೆ ಹೊತ್ತಿಸಿಕೊಟ್ಟ.

ಒಣ ತೆಂಗಿನ ಗರಿಯ ಆ ಬೆಳಕಿನಲ್ಲಿ ನಾಲ್ವರೂ ಹೊಸ ಸಂಕ ದಾಟಿದರು. ಆಚೆ ದಡಕ್ಕೆ ಕಾಲಿಡುವಾಗ ಧರ್ಮಪಾಲನ ಹೆಜ್ಜೆ ನಿಧಾನವಾದದ್ದು ಸೇವಂತಿಗೆ ತಿಳಿಯಿತು. ಆ ದಾರಿಯಲ್ಲಿ ಅವನು ಹುಟ್ಟಿದಂದಿನಿಂದ ನಡೆದವನು. ತಡಮೆಯ ಹತ್ತಿರ ಅವನು ನಿಂತುಬಿಟ್ಟ, ಅಡ್ಡ ಮರವನ್ನು ಮುಟ್ಟಲೂ ಇಲ್ಲ. ಸೇವಂತಿ ನಿದ್ದೆ ಹೋಗಿದ್ದ ಕರಡಿಯನ್ನು ಎತ್ತಿಕೊಂಡು ದಾಟಿದಳು. ಅವಳ ಹಿಂದೆ ಹುಲಿ ಬಾಲ ಎತ್ತಿ ಹಿಡಿದುಕೊಂಡು ದಾಟಿತು.

ಜಗಲಿಯಲ್ಲಿ ದೀಪದ ಪಕ್ಕ ಮಾಯಿಲಪ್ಪ ವೀಳ್ಯದೆಲೆ ಮಡಚುತ್ತಿದ್ದ. ಎಲೆ ಕೈಯಲ್ಲೇ ಉಳಿಯಿತು. ಒಳಗಿನಿಂದ ಬಂದ ದುಗ್ಗಮ್ಮ ಬಾಗಿಲಲ್ಲೇ ನಿಂತು ಬಾಯಿಗೆ ಸೆರಗು ಒತ್ತಿಕೊಂಡಳು. ಮಾಯಿಲಪ್ಪ ದೀಪ ಎತ್ತಿ ಹಿಡಿದು ಕೇಳಿದ, "ಯಾವ ಕಾಡಿನ ಹುಲಿ?"

"ತೋಡಿನ ಆಚೆದು" ಎಂದಿತು ಹುಲಿ, ಸಣ್ಣ ಸ್ವರದಲ್ಲಿ.

ಹೊರಗಿನಿಂದ ಡಬ್ಬದ ಸದ್ದು ಶುರುವಾಯಿತು. ಏಳು ಮನೆಯಲ್ಲಿ ಗಟ್ಟಿಯಾಗಿ ಬಡಿದ ಧರ್ಮಪಾಲನ ಕೈಗೆ ಇಲ್ಲಿ ಏನಾಯಿತೋ, ಒಂದು ಪೆಟ್ಟು ಬಿದ್ದರೆ ಇನ್ನೊಂದು ಬೀಳದು. ಹುಲಿ ಎರಡು ಹೆಜ್ಜೆ ಇಟ್ಟಿತು, ನಿಂತಿತು, ಅಮ್ಮನ ಮುಖ ನೋಡಿತು. ಕುಣಿಯದೆ ಅಕ್ಕಿ ತೆಗೆದುಕೊಂಡರೆ ಅದು ಹರಕೆಯಾಗುವುದಿಲ್ಲ.

ಪ್ರಾಯದಲ್ಲಿ ಹನ್ನೊಂದು ಮಾರ್ನೆಮಿ ಹುಲಿವೇಷ ಹಾಕಿದವನು ಮಾಯಿಲಪ್ಪ. ಆಗ ಅವನ ಹಿಂದೆ ಮರಿಹುಲಿಯಾಗಿ ಕುಣಿಯುತ್ತಿದ್ದವನು ಈ ಧರ್ಮಪಾಲನೇ. ತಪ್ಪು ಪೆಟ್ಟನ್ನು ಮಾಯಿಲಪ್ಪನಿಂದ ಎಷ್ಟು ಹೊತ್ತು ತಡೆದುಕೊಳ್ಳಲಾದೀತು? ಮೊದಲು ಅವನ ಕಾಲು ಜಗಲಿಯ ನೆಲಕ್ಕೆ ತಟ್ಟತೊಡಗಿತು. ಆಮೇಲೆ ತಲೆ ಅಲ್ಲಾಡಿತು. ಕೊನೆಗೆ ಅವನು ಎದ್ದೇಬಿಟ್ಟ.

"ಅದೆಂತ ಪೆಟ್ಟು ಮಾರಾಯ? ಹುಲಿ ಕುಣಿಯುದಾ, ನಿದ್ದೆ ಮಾಡುದಾ?"

ಆರು ವರ್ಷದಲ್ಲಿ ತಮ್ಮನಿಗೆ ಆಡಿದ ಮೊದಲ ಮಾತು ಅದು. ಬೈಗುಳವೇ ಸೈ. ಅವನು ದಡದಡನೆ ಅಂಗಳ ದಾಟಿ, ತಡಮೆಯನ್ನೂ ದಾಟಿ ಹೊರಗೆ ಹೋಗಿ ತಮ್ಮನ ಕೊರಳಿನಿಂದ ಡಬ್ಬ ಕಿತ್ತುಕೊಂಡ. ಧರ್ಮಪಾಲ ತಡಮೆ ದಾಟುವುದಿಲ್ಲವೆಂದು ಆಣೆ ಹಾಕಿದ್ದ. ಮಾಯಿಲಪ್ಪ ಅಂಥ ಆಣೆ ಯಾವತ್ತೂ ಹಾಕಿರಲಿಲ್ಲ. ಆರು ವರ್ಷ ಇದು ಅವನಿಗೂ ಹೊಳೆದಿರಲಿಲ್ಲ ಪಾಪ.

"ಹೀಗೆ!" ಎಂದು ಅವನು ಬಡಿದ ಬಡಿತಕ್ಕೆ ಗೂಡಿನ ಕೋಳಿಗಳು ಎದ್ದು ಕೂಗಿದವು. ಹುಲಿಯ ಮೈಗೆ ಜೀವ ಬಂತು. ಅದು ಎಗರಿತು, ಸುತ್ತಿತು, ಮಣ್ಣು ಕೆದರಿತು, ಅಲ್ಲಿಯವರೆಗೆ ಬಾರದ ಲಾಗವನ್ನು ಅರ್ಧಂಬರ್ಧ ಹಾಕಿ ಕುಂಡೆಯ ಮೇಲೆ ಬಿದ್ದು, ಅದೂ ಕುಣಿತವೇ ಎಂಬಂತೆ ಎದ್ದಿತು. ದುಗ್ಗಮ್ಮ ಮಣೆಯ ಮೇಲೆ ಎಳ್ಳುಂಡೆ ಇಟ್ಟಳು. ಹುಲಿ ನಾಲ್ಕು ಕಾಲಿನಲ್ಲಿ ಬಂದು ಬಾಯಿಯಿಂದಲೇ ಅದನ್ನು ಎತ್ತಿ ಕಟಕಟ ಅಗಿಯಿತು. ಬಣ್ಣದ ಕೆನ್ನೆಯನ್ನು ಮುಟ್ಟಲು ಹೋದ ದುಗ್ಗಮ್ಮನ ಕೈ ಅರ್ಧದಲ್ಲೇ ನಿಂತಿತು. ಹೆಸರು ಅವಳ ನಾಲಿಗೆ ತುದಿಯಲ್ಲಿತ್ತು, ಆದರೆ ಕರೆಯುವಂತಿರಲಿಲ್ಲ. ಅವಳು ಗೆರಸೆ ತುಂಬ ಅಕ್ಕಿ ತಂದಳು. ಸೇವಂತಿ, "ಒಂದೇ ಹಿಡಿ ಸಾಕು ಅಕ್ಕ, ಹರಕೆ ಒಂದು ಹಿಡಿಯದ್ದು" ಎಂದು ಒಂದು ಹಿಡಿಯನ್ನೇ ಕಟ್ಟಿಕೊಂಡಳು.

"ಊಟ ಮಾಡದೆ ಹೋಗ್ಲಿಕ್ಕಿಲ್ಲ" ಎಂದಳು ದುಗ್ಗಮ್ಮ.

"ಅವರು ಒಳಗೆ ಬರುವ ಹಾಗಿಲ್ಲ ಅಲ್ವಾ ಅಕ್ಕ?"

"ಅನ್ನಕ್ಕೆ ಆಣೆ ಇಲ್ಲ ಅಲ್ವಾ?" ಎಂದ ದುಗ್ಗಮ್ಮ ತಡಮೆಯ ಹೊರಗೆ ದಾರಿಯ ಮೇಲೆಯೇ ನೀರು ಚಿಮುಕಿಸಿ ಚಾಪೆ ಹಾಸಿ ಬಾಳೆಲೆ ಇಟ್ಟಳು. ದೋಸೆ, ಬೆಲ್ಲ ಹಾಕಿದ ಕಾಯಿಸುಳಿ. ಅಣ್ಣತಮ್ಮ ಪಕ್ಕಪಕ್ಕದಲ್ಲಿ ಕೂತರು. ಒಮ್ಮೆ ಮಾಯಿಲಪ್ಪ, "ಗೋಡೆ ನಿಂತಿದೆಯಾ?" ಎಂದು ಕೇಳಿದ. "ಆರು ಮಳೆ ತಡೆದಿದೆ" ಎಂದ ಧರ್ಮಪಾಲ. "ಕಾಣ್ತದೆ" ಎಂದು ಮಾಯಿಲಪ್ಪ ತನ್ನ ಎಲೆಯ ದೋಸೆಯನ್ನು ತಮ್ಮನ ಎಲೆಗೆ ಹಾಕಿದ.

ಹೊರಡುವಾಗ ಸೇವಂತಿ ದುಗ್ಗಮ್ಮನ ಕಿವಿಯಲ್ಲಿ, "ಅಕ್ಕ, ಆಣೆ ಇರುದು ಈ ತಡಮೆಗೆ. ತಡಮೆ ಎಲ್ಲಿರಬೇಕು ಅಂತ ಯಾರೂ ಹೇಳ್ಲಿಲ್ಲ" ಎಂದಳು.

ಮರುದಿನ ವಿಜಯದಶಮಿಗೆ ಏಳು ಮನೆಯ ಅಕ್ಕಿ ಒಂದೇ ಪಾತ್ರೆಯಲ್ಲಿ ಬೆಂದಿತು. ಚೆನ್ನಕೇಶವ ಎರಡು ಸಲ ಬಡಿಸಿಕೊಂಡು, ಪಾತ್ರೆಯ ತಳವನ್ನೂ ಕೆರೆದ. ಕೆಲವು ದಿನ ಕಳೆದು ಧರ್ಮಪಾಲ ಕಡಬದ ಪೇಟೆಯಿಂದ ಬಂದವನು ಹೆಂಡತಿಯನ್ನು ಒಂಥರ ನೋಡಿದ. "ಭಟ್ಟರ ಹತ್ರ ಕೇಳಿದೆ. ಹುಟ್ಟಿದ ಸುದ್ದಿ ಕಿವಿಗೆ ಬೀಳುವ ಮೊದಲು ಕೊಟ್ಟದ್ದಕ್ಕೆ ಅಮೆ ಇಲ್ಲವಂತೆ. ದೇರಣ್ಣನ ಅಕ್ಕಿಯೇ ಆಗ್ತಿತ್ತಂತೆ."

"ಹೌದಾ?" ಎಂದಳು ಸೇವಂತಿ, ಒಲೆಯ ಬೂದಿ ತೆಗೆಯುತ್ತ. "ನನಗೆ ಹೇಗೆ ಗೊತ್ತಾಗ್ಬೇಕು?"

ಕಿಟಕಿಯಲ್ಲಿ ಕೂತು ಮಗ್ಗಿ ಕಲಿತವಳಿಗೆ ಅಷ್ಟು ಗೊತ್ತಿರಲಿಲ್ಲವೆಂದರೆ ನಾನಂತೂ ನಂಬುವುದಿಲ್ಲ. ಧರ್ಮಪಾಲನೂ ನಂಬಲಿಲ್ಲ, ಆದರೆ ಮತ್ತೆ ಕೇಳಲಿಲ್ಲ.

ದೀಪಾವಳಿಯ ಬೆಳಿಗ್ಗೆ ಎಣ್ಣೆ ಸ್ನಾನ ಮುಗಿಸಿದ ಮೇಲೆ ಅವಳು ಗಂಡನ ಕೈಗೆ ಕಡುಬಿನ ಪಾತ್ರೆ ಕೊಟ್ಟಳು. "ಅಕ್ಕನಿಗೆ ಕೊಟ್ಟು ಬನ್ನಿ. ತಡಮೆಯ ಹತ್ರ ನಿಂತು ಕೂಗಿದ್ರೆ ಸಾಕು." ಮಕ್ಕಳೂ ಹೊರಟರು, ಅವರ ಹಿಂದೆ ಅವಳೂ. ಸಂಕ ದಾಟಿ, ಗದ್ದೆಯ ಬದು ಹತ್ತಿ, ಬೇಲಿಯ ಹತ್ತಿರ ಬಂದವರು ಹಾಗೆಯೇ ನಿಂತರು. ಅಲ್ಲಿ ತಡಮೆ ಇರಲಿಲ್ಲ. ಕವೆಗೂಟ ಕಿತ್ತ ಎರಡು ಗುಂಡಿಗೆ ಹೊಸ ಮಣ್ಣು ತುಂಬಿ ಮೆಟ್ಟಿ ಗಟ್ಟಿ ಮಾಡಿದ್ದರು. ಹಳೆಯ ತಡಮೆ ಮನೆಯ ಹಿಂದೆ ಗೊಬ್ಬರದ ಗುಂಡಿಯ ಆಚೆ, ಯಾರೂ ನಡೆಯದ ಜಾಗದಲ್ಲಿ, ನೆಟ್ಟಗೆ ನಿಂತಿತ್ತು. ಅಂಗಳಕ್ಕೆ ನುಗ್ಗಿದ ಯಾರದೋ ಕರು ದುಗ್ಗಮ್ಮನ ಅಲಸಂಡೆ ಬಳ್ಳಿಯನ್ನು ನಿಶ್ಚಿಂತೆಯಿಂದ ಮೇಯುತ್ತಿತ್ತು.

"ನೋಡಿ ನೋಡಿ, ಬಳ್ಳಿ ಎಲ್ಲ ಹೋಯ್ತು!" ಎಂದು ದುಗ್ಗಮ್ಮ ಒಳಗಿನಿಂದ ಕೂಗಿದಳು.

"ಹೋಗ್ಲಿ ಬಿಡು" ಎಂದ ಮಾಯಿಲಪ್ಪ ಜಗಲಿಯಿಂದ ಇಳಿಯುತ್ತ.

ಧರ್ಮಪಾಲ ಪಾತ್ರೆ ಹಿಡಿದುಕೊಂಡು ಆ ಹೊಸ ಮಣ್ಣನ್ನೇ ನೋಡುತ್ತ ನಿಂತಿದ್ದ. ಬಣ್ಣವಿಲ್ಲದ, ಬಾಲವಿಲ್ಲದ, ಸ್ನಾನ ಮಾಡಿ ಒದ್ದೆ ತಲೆಯ ಹುಡುಗ ಅಪ್ಪನನ್ನೊಮ್ಮೆ, ಅಮ್ಮನನ್ನೊಮ್ಮೆ ನೋಡಿದ. ಸೇವಂತಿ ಹೋಗು ಎಂದು ಕಣ್ಣು ಮಾಡಿದಳು. ಅಂಗಳದ ನಡುವೆ ಮಾಯಿಲಪ್ಪ ಮೊಣಕಾಲೂರಿ ಕೂತು ಎರಡೂ ಕೈ ಚಾಚಿದ.

"ಬಾ ಚೆನ್ನಕೇಶವ" ಎಂದ. ಆ ಹೆಸರನ್ನು ಅವನು ಆರು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಕರೆದದ್ದು.